ಕೇಟ್ಲಿನ್ ಕ್ಲಾರ್ಕ್ ಹೊಡೆದ 3,951 ಪಾಯಿಂಟನ್ನ ಹೇಗೆ ಓದ್ಬೇಕು

2024ರ ಮಾರ್ಚ್ 3, ಅಮೆರಿಕದ ಅಯೋವಾ ಸಿಟಿ. ಹೆಣ್ಮಕ್ಕಳ ಕಾಲೇಜ್ ಬಾಸ್ಕೆಟ್‌ಬಾಲ್, ಅಯೋವಾ ಯೂನಿವರ್ಸಿಟಿಗೆ ಓಹಾಯೋ ಸ್ಟೇಟ್ ಯೂನಿವರ್ಸಿಟಿ ವಿರುದ್ಧ ಮ್ಯಾಚು, ಫಸ್ಟ್ ಹಾಫ್ ಮುಗಿಯೋಕೆ ಅರ್ಧ ಸೆಕೆಂಡೂ ಉಳಿದಿಲ್ಲ, ಅಷ್ಟರಲ್ಲಿ ಎದುರು ಟೀಮಿಗೆ ಟೆಕ್ನಿಕಲ್ ಫೌಲ್ ಬಿತ್ತು, ಅಯೋವಾದ 22 ನಂಬರ್ ಜೆರ್ಸಿಯ ಕೇಟ್ಲಿನ್ ಕ್ಲಾರ್ಕ್ ಫ್ರೀ ಥ್ರೋ, ಅಂದ್ರೆ ಯಾರೂ ಅಡ್ಡ ಬರದ ಶಾಟ್, ಹಾಕಿದ್ಲು. ಅಲ್ಲಿಗೆ ಗಂಡಸರ ಕಾಲೇಜ್ ಆಟದ ಪೀಟ್ ಮರಾವಿಚ್‌ನ 3,667 ಪಾಯಿಂಟಿನ ರೆಕಾರ್ಡ್ ಹೋಯ್ತು. ಅಮೆರಿಕದ ಕಾಲೇಜ್ ಆಟ ನಡೆಸೋ ಸಂಸ್ಥೆ ಎನ್‌ಸಿಎಎ, ಅದರ ಎಲ್ಲಕ್ಕಿಂತ ಮೇಲಿನ ದರ್ಜೆ ಡಿವಿಷನ್ 1ರಲ್ಲಿ ಗಂಡಸರು ಹೆಂಗಸರು ಎರಡೂ ಕಡೆ ಸೇರಿಸಿ ನೋಡಿದ್ರೆ 1970ರಿಂದ ಯಾರಿಗೂ ದಾಟೋಕೆ ಆಗದೇ ಇದ್ದ ನಂಬರ್ ಅದು. ಮುಂದಿನ ತಿಂಗಳು ಅವಳ ಕಾಲೇಜ್ ಆಟ ಮುಗಿದಾಗ ಲೆಕ್ಕ 3,951ಕ್ಕೆ ಬಂದು ನಿಂತಿತ್ತು.

ಅವತ್ತಿಂದ ಶುರುವಾದ ವಾದ ಇನ್ನೂ ನಿಂತಿಲ್ಲ. ಮರಾವಿಚ್ ಮೂರೇ ವರ್ಷದಲ್ಲಿ ಹೊಡೆದ, ಇವಳಿಗೆ ನಾಲ್ಕು ವರ್ಷ ಸಿಕ್ತು, ಅವನ ಕಾಲದಲ್ಲಿ ದೂರದಿಂದ ಹಾಕಿದ್ರೆ ಎರಡರ ಬದಲು ಮೂರು ಪಾಯಿಂಟ್ ಕೊಡೋ ಥ್ರೀ ಪಾಯಿಂಟ್ ಲೈನೇ ಇರ್ಲಿಲ್ಲ, ಇದನ್ನ ರೆಕಾರ್ಡ್ ಅಂತ ಹೇಗೆ ಕರೀತೀರಿ ಅಂತ ಒಂದು ಕಡೆ. ಆಡಿದ್ದು ಆಡಿದ್ದೇ, ಹೊಡೆದಿದ್ದು ಹೊಡೆದಿದ್ದೇ ಅಂತ ಇನ್ನೊಂದು ಕಡೆ. ಇಬ್ರೂ ಹೇಳೋದ್ರಲ್ಲಿ ಸತ್ಯ ಇದೆ, ಆದ್ರೆ ಕಾಲೇಜ್ ಗಾರ್ಡ್ ಒಬ್ಬರ ಕರಿಯರ್ ಯಾವ್ಯಾವ ರೂಲ್ಸ್ ಮೇಲೆ ನಿಂತಿರತ್ತೆ ಅಂತ ಗೊತ್ತಿಲ್ದೆ ಈ ವಾದಕ್ಕೆ ಇಳಿದ್ರೆ ಏನೂ ಅರ್ಥ ಆಗಲ್ಲ. ಅದನ್ನೇ ಇಲ್ಲಿ ಬಿಡಿಸಿ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ.

ಮೊದಲು ಗಾರ್ಡ್ ಏನ್ ಮಾಡ್ತಾಳೆ ಅಂತ ನೋಡೋಣ. ಒಂದು ಟೀಮಲ್ಲಿ ಐದು ಜನ ಅಂಕಣದಲ್ಲಿ ಇರ್ತಾರೆ. ಎತ್ತರ ಇರೋರು ಬಾಸ್ಕೆಟ್ ಹತ್ರ, ಅವ್ರು ಸೆಂಟರ್ ಮತ್ತೆ ಫಾರ್ವರ್ಡ್. ಬಾಲ್‌ನ ಈ ಕಡೆಯಿಂದ ಆ ಕಡೆಗೆ ತಗೊಂಡು ಹೋಗೋದು, ಯಾರು ಎಲ್ಲಿ ಓಡ್ಬೇಕು ಅಂತ ಕೂಗಿ ಹೇಳೋದು, ಯಾರಿಗೆ ಯಾವಾಗ ಕೊಡ್ಬೇಕು ಅಂತ ತೀರ್ಮಾನ ಮಾಡೋದು ಪಾಯಿಂಟ್ ಗಾರ್ಡ್. ಹೆಣ್ಮಕ್ಕಳ ಕಾಲೇಜ್ ಆಟದಲ್ಲಿ ಶಾಟ್ ಕ್ಲಾಕ್ 30 ಸೆಕೆಂಡ್, ಅಷ್ಟರೊಳಗೆ ಬಾಲ್ ರಿಂಗಿಗಾದ್ರೂ ತಾಗ್ಬೇಕು, ಅಂದ್ರೆ ಒಂದು ಮ್ಯಾಚಲ್ಲಿ ಈ ತೀರ್ಮಾನ ಎಷ್ಟೋ ಸಲ ಮಾಡ್ಬೇಕು, ಅದೂ ಓಡ್ತಾ, ಒಬ್ಬಳು ಮೈಮೇಲೆ ಬೀಳ್ತಾ ಇರ್ಬೇಕಾದ್ರೆ.

ಕ್ಲಾರ್ಕ್ ಆರು ಅಡಿ ಎತ್ತರದ ಪಾಯಿಂಟ್ ಗಾರ್ಡ್. ಟಿವಿಲಿ ಹೈಲೈಟ್ಸ್ ನೋಡಿದೋರಿಗೆ ನೆನಪಿರೋದು ಅಂಕಣದ ಮಧ್ಯದ ಲೋಗೋ ಹತ್ರದಿಂದ ಅವಳು ಹಾಕೋ ಶಾಟ್‌ಗಳು. ನೋಡೋಕೆ ಚೆನ್ನಾಗಿರತ್ತೆ ನಿಜ, ಆದ್ರೆ ಅದರ ಬೆಲೆ ಗೊತ್ತಾಗೋದು ಆ ಶಾಟ್ ಹಾಕದೇ ಇದ್ದಾಗ. ಥ್ರೀ ಪಾಯಿಂಟ್ ಲೈನ್ ಬಾಸ್ಕೆಟ್‌ನಿಂದ 22 ಅಡಿ ಚಿಲ್ರೆ ದೂರ ಇದೆ, ಸಾಮಾನ್ಯವಾಗಿ ಡಿಫೆಂಡರ್ ಅಲ್ಲಿಗೆ ಬಂದು ನಿಂತ್ರೆ ಸಾಕು. ಇವಳು 30 ಅಡಿಯಿಂದಾನೂ ಹಾಕ್ತಾಳೆ ಅಂತ ಗೊತ್ತಾದ್ಮೇಲೆ ಡಿಫೆಂಡರ್ ಅಲ್ಲಿವರೆಗೂ ಬರ್ಲೇಬೇಕು, ಕೆಲವು ಸಲ ಇಬ್ರು ಬರ್ಬೇಕು. ಇಬ್ರು ಅಷ್ಟು ಮುಂದೆ ಬಂದ್ರು ಅಂದ್ರೆ ಹಿಂದೆ ಉಳಿದ ಮೂವರು ಅಯೋವಾದ ನಾಲ್ಕು ಜನರನ್ನ ಕಾಯ್ಬೇಕು, ಅದೂ ಅರ್ಧ ಅಂಕಣ ಪೂರ್ತಿ. ಅವಳು ಬಾಲ್ ಮುಟ್ಟಿ ನಿಂತ್ಕೊಂಡ್ರೆ ಸಾಕು, ಟೀಮ್‌ಮೇಟ್‌ಗಳಿಗೆ ಜಾಗ ತೆರ್ಕೊಳ್ತಿತ್ತು.

ಆ ಜಾಗನ ಬಳಸ್ಕೊಂಡೋಳು ಮೋನಿಕಾ ಸಿನಾನೋ, ಮೊದಲ ಮೂರು ವರ್ಷ ಅಯೋವಾದ ಸೆಂಟರ್. ಸಿನಾನೋ ಬಂದು ಕ್ಲಾರ್ಕ್‌ನ ಡಿಫೆಂಡರ್ ದಾರಿಗೆ ಅಡ್ಡ ನಿಲ್ತಾಳೆ, ಅದಕ್ಕೆ ಸ್ಕ್ರೀನ್ ಅಂತಾರೆ, ಆಮೇಲೆ ತಿರುಗಿ ಬಾಸ್ಕೆಟ್ ಕಡೆ ಓಡ್ತಾಳೆ. ಡಿಫೆಂಡರ್‌ಗಳಿಗೆ ಈಗ ಎರಡೇ ದಾರಿ, ಕ್ಲಾರ್ಕ್‌ನ ಬಿಟ್ರೆ ಶಾಟ್ ಹಾಕ್ತಾಳೆ, ಸಿನಾನೋನ ಬಿಟ್ರೆ ಪಾಸ್ ಹೋಗತ್ತೆ. ಈ ಪಿಕ್ ಅಂಡ್ ರೋಲ್ ಬಾಸ್ಕೆಟ್‌ಬಾಲಿನಷ್ಟೇ ಹಳೇದು, ಹೊಸದೇನಿಲ್ಲ, ಆದ್ರೆ ಪಾಸ್ ಕೈ ಬಿಡೋ ಟೈಮಿಂಗ್ ಇದ್ಯಲ್ಲ, ಡಿಫೆಂಡರ್ ಒಂದು ಹೆಜ್ಜೆ ತಪ್ಪಿ ಇಟ್ಟ ಕ್ಷಣದಲ್ಲೇ ಬಾಲ್ ಹೊರಟಿರತ್ತೆ, ಅದು ಎಲ್ರಿಗೂ ಬರೋ ವಿದ್ಯೆ ಅಲ್ಲ. ಸಿನಾನೋ ಹೋದ್ಮೇಲೆ ಹಾನಾ ಸ್ಟೂಲ್ಕಿ ಬಂದ್ಲು, 2024ರ ಫೆಬ್ರವರಿಯಲ್ಲಿ ಪೆನ್ ಸ್ಟೇಟ್ ವಿರುದ್ಧ ಒಂದೇ ಮ್ಯಾಚಲ್ಲಿ 47 ಪಾಯಿಂಟ್ ಹೊಡೆದ್ಲು, ಆ ಮ್ಯಾಚಲ್ಲಿ ಕ್ಲಾರ್ಕ್‌ದು 15 ಅಸಿಸ್ಟ್.

ಅಸಿಸ್ಟ್ ಅಂದ್ರೆ ನೇರವಾಗಿ ಬಾಸ್ಕೆಟ್‌ಗೆ ದಾರಿ ಮಾಡ್ಕೊಟ್ಟ ಪಾಸ್. ಎಷ್ಟೇ ಚಂದದ ಪಾಸ್ ಕೊಟ್ಟಿದ್ರೂ ತಗೊಂಡೋಳು ಮಿಸ್ ಮಾಡಿದ್ರೆ ಲೆಕ್ಕಕ್ಕಿಲ್ಲ. ಕ್ಲಾರ್ಕ್ ನಾಲ್ಕು ವರ್ಷದಲ್ಲಿ 1,144 ಅಸಿಸ್ಟ್ ಕೊಟ್ಟಿದ್ದಾಳೆ, ಎನ್‌ಸಿಎಎ ಡಿವಿಷನ್ 1 ಹೆಣ್ಮಕ್ಕಳ ಲೆಕ್ಕದಲ್ಲಿ ಮೂರನೇ ಸ್ಥಾನ, ಮೊದಲನೇದು ಪೆನ್ ಸ್ಟೇಟಿನ ಸೂಝಿ ಮೆಕಾನಲ್‌ದು, 1,307. ಒಂದೊಂದು ಅಸಿಸ್ಟ್‌ಗೂ ಕಮ್ಮಿ ಅಂದ್ರೆ ಎರಡು ಪಾಯಿಂಟ್ ಅಂತ ಇಟ್ಕೊಂಡ್ರೂ 2,288 ಆಗತ್ತೆ, ಅವಳದೇ 3,951ಕ್ಕೆ ಕೂಡಿಸಿದ್ರೆ 6,200 ದಾಟತ್ತೆ. 2021-22ರಲ್ಲಿ ಪಾಯಿಂಟ್ ಮತ್ತು ಅಸಿಸ್ಟ್ ಎರಡರಲ್ಲೂ ಇಡೀ ದೇಶಕ್ಕೇ ಮೊದಲು ಬಂದ್ಲು, ಡಿವಿಷನ್ 1 ಹೆಣ್ಮಕ್ಕಳಲ್ಲಿ ಅದಕ್ಕೂ ಮುಂಚೆ ಯಾರೂ ಒಂದೇ ಸೀಸನ್‌ನಲ್ಲಿ ಎರಡೂ ಮಾಡಿರ್ಲಿಲ್ಲ. ನನ್ನ ಪ್ರಕಾರ 3,951ಕ್ಕಿಂತ ದೊಡ್ಡ ಸಾಧನೆ ಇದೇ. ತಾನೇ ಜಾಸ್ತಿ ಶಾಟ್ ಹಾಕೋಳು ಬೇರೆಯವರಿಗೂ ಅಷ್ಟೇ ಮಾಡ್ಕೊಡೋದು ತುಂಬಾ ಅಪರೂಪ. ಇದರ ಇನ್ನೊಂದು ಮುಖ ಟರ್ನೋವರ್, ಬಾಲ್ ಕಳ್ಕೊಳ್ಳೋದು, ಕೊನೆ ವರ್ಷ ಮ್ಯಾಚಿಗೆ ಸರಾಸರಿ 4.7. ಅದು ಜಾಸ್ತಿನೇ, ಆದ್ರೆ ಅಷ್ಟು ಹೊತ್ತು ಬಾಲ್ ಒಬ್ಬಳ ಕೈಯಲ್ಲೇ ಇದ್ದು, ಅಷ್ಟು ಕಷ್ಟದ ಪಾಸ್‌ಗಳನ್ನೇ ಟ್ರೈ ಮಾಡಿದ್ರೆ ಆಗೋದೇ ಅದು.

ಅಯೋವಾ ಬಗ್ಗೆ ಒಂದು ಮಾತು ಹೇಳ್ದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಈ ರಾಜ್ಯದ ಹೈಸ್ಕೂಲುಗಳಲ್ಲಿ 1993ರವರೆಗೂ ಹೆಣ್ಮಕ್ಕಳು ಬೇರೆ ತರದ ಬಾಸ್ಕೆಟ್‌ಬಾಲ್ ಆಡ್ತಿದ್ರು, ಒಂದು ಕಡೆ ಆರಾರು ಜನ. ಮೂವರು ಫಾರ್ವರ್ಡ್, ಮೂವರು ಗಾರ್ಡ್, ಮಧ್ಯದ ಗೆರೆ ಯಾರೂ ದಾಟೋ ಹಾಗಿಲ್ಲ, ಬಾಲ್ ಸಿಕ್ಕಿದ್ರೆ ಎರಡೇ ಡ್ರಿಬಲ್. ಗಾರ್ಡ್‌ಗಳು ತಮ್ಮ ಅರ್ಧದಲ್ಲೇ ನಿಂತು ತಡೀಬೇಕು ಅಷ್ಟೇ, ಇಡೀ ಹೈಸ್ಕೂಲ್ ಕರಿಯರ್‌ನಲ್ಲಿ ಒಂದು ಬಾಸ್ಕೆಟ್ಟೂ ಹಾಕದೇ ಮುಗಿಸಿದ ಗಾರ್ಡ್‌ಗಳು ಇದ್ದಾರೆ. ಆದ್ರೆ ಊರೂರೇ ಬಂದು ನೋಡ್ತಿತ್ತು ಆ ಆಟನ, ಸ್ಟೇಟ್ ಟೂರ್ನಮೆಂಟ್ ಅಂದ್ರೆ ಹಬ್ಬ. 1968ರಲ್ಲಿ ಡೆನೀಸ್ ಲಾಂಗ್ ಅನ್ನೋ ಹುಡುಗಿ ಒಂದು ಮ್ಯಾಚಲ್ಲಿ 111 ಪಾಯಿಂಟ್ ಹೊಡೆದ್ಲು, ಮಾರನೇ ವರ್ಷ ಗಂಡಸರ ಪ್ರೊಫೆಷನಲ್ ಲೀಗ್ ಎನ್‌ಬಿಎ ಡ್ರಾಫ್ಟಲ್ಲಿ, ಅಂದ್ರೆ ಟೀಮುಗಳು ಹೊಸ ಆಟಗಾರರನ್ನ ಆರಿಸ್ಕೊಳ್ಳೋ ಕಡೆ, ಸ್ಯಾನ್ ಫ್ರಾನ್ಸಿಸ್ಕೋ ವಾರಿಯರ್ಸ್ ಅವಳ ಹೆಸರು ಕೂಗಿದ್ರು. ಕ್ಲಾರ್ಕ್ ಟೀಮಿನ ಅಸೋಸಿಯೇಟ್ ಹೆಡ್ ಕೋಚ್ ಆಗಿದ್ದ ಜ್ಯಾನ್ ಜೆನ್ಸನ್ ಕೂಡ ಆ ಆರು ಜನರ ಆಟದಲ್ಲೇ ಬೆಳೆದೋರು, ಹೈಸ್ಕೂಲಿನ ಕೊನೆ ವರ್ಷ ಮ್ಯಾಚಿಗೆ 66 ಪಾಯಿಂಟ್ ಸರಾಸರಿ. 2024ರಲ್ಲಿ ಹೆಡ್ ಕೋಚ್ ಲೀಸಾ ಬ್ಲೂಡರ್ ರಿಟೈರ್ ಆದ್ಮೇಲೆ ಆ ಕುರ್ಚಿಗೆ ಬಂದಿದ್ದೂ ಅವ್ರೇ. ಹೆಣ್ಮಕ್ಕಳ ಆಟಕ್ಕೆ ಜನ ಬರ್ತಾರಾ ಅಂತ ಬೇರೆ ಕಡೆ ಕೇಳ್ತಾರೆ, ಅಯೋವಾದಲ್ಲಿ ಅಜ್ಜಿಯರ ಕಾಲದಿಂದಾನೇ ಬರ್ತಿದ್ರು. 2023ರ ಅಕ್ಟೋಬರಲ್ಲಿ ಫುಟ್‌ಬಾಲ್ ಸ್ಟೇಡಿಯಂ ಒಳಗೆ ಅಂಕಣ ಹಾಕಿ ಒಂದು ಪ್ರದರ್ಶನ ಪಂದ್ಯ ಇಟ್ರೆ 55,646 ಜನ ಬಂದ್ರು, ಅದು ಈ ನೆಲದಿಂದ ಬಂದ ಜನ. ಡೆಮಾಯ್ನ್ ಕಡೆ ಬೆಳೆದ ಕ್ಲಾರ್ಕ್ ಎರಡು ಗಂಟೆ ದೂರದ ತನ್ನದೇ ರಾಜ್ಯದ ಯೂನಿವರ್ಸಿಟಿ ಆರಿಸ್ಕೊಂಡಿದ್ದು ಆ ಜನಕ್ಕೆ ಎಷ್ಟು ದೊಡ್ಡ ವಿಷಯ ಅಂತ ಇದ್ರಿಂದ ಗೊತ್ತಾಗತ್ತೆ.

ಈಗ ರೂಲ್ಸಿಗೆ ಬರೋಣ, ಅಸಲಿ ಗೊಂದಲ ಇರೋದು ಇಲ್ಲೇ. ಎನ್‌ಸಿಎಎ ಡಿವಿಷನ್ 1ರಲ್ಲಿ ಒಬ್ಬ ಆಟಗಾರ್ತಿಗೆ ಐದು ವರ್ಷದೊಳಗೆ ನಾಲ್ಕು ಸೀಸನ್ ಆಡೋ ಅವಕಾಶ. ಗಾಯ ಆಗಿಯೋ ಇನ್ನೇನೋ ಕಾರಣಕ್ಕೋ ಒಂದು ವರ್ಷ ಹೊರಗೆ ಕೂತ್ರೆ ಅದಕ್ಕೆ ರೆಡ್‌ಶರ್ಟ್ ಅಂತಾರೆ, ಆ ಸೀಸನ್ ಕಳೆಯಲ್ಲ, ಕಾಲೇಜಲ್ಲಿ ಓದ್ತಾನೇ ಇರ್ಬಹುದು. ಕೋವಿಡ್ ಬಂದಾಗ 2020-21ರ ಸೀಸನ್ ಯಾರ ಲೆಕ್ಕಕ್ಕೂ ಹಿಡಿಯಲ್ಲ ಅಂದ್ರು, ಹಾಗಾಗಿ ಆ ವರ್ಷವೇ ಸೇರಿದ್ದ ಕ್ಲಾರ್ಕ್‌ಗೆ ಐದನೇ ವರ್ಷ ಆಡೋ ಅವಕಾಶನೂ ಇತ್ತು. ಅವಳು ತಗೊಳ್ಳಲಿಲ್ಲ. 2024ರ ಫೆಬ್ರವರಿ ಕೊನೆಗೇ ಹೆಂಗಸರ ಪ್ರೊಫೆಷನಲ್ ಲೀಗ್ ಡಬ್ಲ್ಯೂಎನ್‌ಬಿಎ ಡ್ರಾಫ್ಟಿಗೆ ಹೋಗ್ತೀನಿ ಅಂತ ಹೇಳ್ಬಿಟ್ಲು.

ಮರಾವಿಚ್ ಕಾಲದಲ್ಲಿ ಬೇರೆ ರೂಲು. 1972ಕ್ಕೂ ಮುಂಚೆ ಮೊದಲ ವರ್ಷದ ಹುಡುಗರು ಕಾಲೇಜಿನ ಮುಖ್ಯ ಟೀಮಿಗೆ ಆಡೋ ಹಾಗಿರ್ಲಿಲ್ಲ, ಅವರಿಗೆ ಬೇರೆ ಫ್ರೆಶ್‌ಮನ್ ಟೀಮ್. ಲೂಯಿಸಿಯಾನದ ಎಲ್‌ಎಸ್‌ಯು ಯೂನಿವರ್ಸಿಟಿನಲ್ಲಿ ಅಪ್ಪ ಪ್ರೆಸ್ ಮರಾವಿಚ್ಚೇ ಕೋಚ್, ಮಗ ಆ ಫ್ರೆಶ್‌ಮನ್ ಟೀಮಿಗೆ 17 ಮ್ಯಾಚಲ್ಲಿ 741 ಪಾಯಿಂಟ್ ಹೊಡೆದ, ಒಂದೂ ಲೆಕ್ಕಕ್ಕೆ ಬರ್ಲಿಲ್ಲ. ಆಮೇಲಿನ ಮೂರು ವರ್ಷ 83 ಮ್ಯಾಚು, 3,667 ಪಾಯಿಂಟು, ಸರಾಸರಿ 44.2. ಕ್ಲಾರ್ಕ್ 139 ಮ್ಯಾಚು, ಸರಾಸರಿ 28.4. ಇಷ್ಟು ನೋಡಿದ್ರೆ ಮರಾವಿಚ್ ಎಲ್ಲೋ ಮೇಲಿದ್ದಾನೆ ಅನ್ಸತ್ತೆ. ಕ್ಲಾರ್ಕ್‌ನ 548 ಥ್ರೀ ಪಾಯಿಂಟರ್‌ಗಳನ್ನ ಎರಡೆರಡೇ ಅಂತ ಎಣಿಸಿದ್ರೆ ಅವಳ ಒಟ್ಟು 3,403ಕ್ಕೆ ಇಳಿಯತ್ತೆ, ಅವನಿಗೆ ಆ 741 ಸೇರಿಸಿದ್ರೆ 4,408 ಆಗತ್ತೆ.

ಆದ್ರೆ ಲೆಕ್ಕ ಅಲ್ಲಿಗೇ ನಿಲ್ಸೋದು ಸರಿಯಲ್ಲ. ಮರಾವಿಚ್ ಮ್ಯಾಚಿಗೆ ಸರಾಸರಿ 38 ಶಾಟ್ ಹಾಕ್ತಿದ್ದ, ಇಡೀ ಟೀಮ್ ಅವನ ಕೈಗೇ ಬಾಲ್ ಕೊಟ್ಟು ನಿಲ್ತಿತ್ತು, ಮೂರು ವರ್ಷದಲ್ಲಿ ಒಂದು ಸಲನೂ ಆ ಟೀಮ್ ಸೀಸನ್ ಕೊನೆಯ ರಾಷ್ಟ್ರಮಟ್ಟದ ಎನ್‌ಸಿಎಎ ಟೂರ್ನಮೆಂಟ್ ತಲುಪಲಿಲ್ಲ. ಕ್ಲಾರ್ಕ್ ನಾಲ್ಕೂ ವರ್ಷ ಆ ಟೂರ್ನಮೆಂಟಲ್ಲಿ ಆಡಿದ್ಲು, ಎರಡು ಸಲ ಫೈನಲ್. ಮೇಲಾಗಿ ಥ್ರೀ ಪಾಯಿಂಟ್ ಲೈನ್ ಇದ್ದಿದ್ರೆ ಮರಾವಿಚ್‌ಗೆ ಡಿಫೆಂಡರ್‌ಗಳೂ ಬೇರೆ ತರಾನೇ ನಿಲ್ತಿದ್ರು, ಅವನೂ ಬೇರೆ ತರಾನೇ ಆಡ್ತಿದ್ದ. ಕ್ರಿಕೆಟ್‌ನಲ್ಲಿ 60 ಓವರ್ ಕಾಲದ ಒನ್‌ಡೇ ರನ್ನುಗಳನ್ನ ಪವರ್‌ಪ್ಲೇ ಕಾಲದ ರನ್ನುಗಳ ಪಕ್ಕ ಇಟ್ಟು ತೂಗಿದ ಹಾಗೆ ಇದು. ಇಬ್ರೂ ತಮ್ಮ ತಮ್ಮ ಕಾಲದ ರೂಲ್ಸಲ್ಲಿ ಮಾಡ್ಬಹುದಾದ್ದನ್ನ ಕೊನೆ ತನಕ ಎಳೆದು ನೋಡಿದೋರು.

ಗಂಡಸರ ಜೊತೆ ಹೋಲಿಸೋ ಭರದಲ್ಲಿ ಮರೆತು ಹೋಗೋದು ಹೆಣ್ಮಕ್ಕಳ ಹಳೇ ರೆಕಾರ್ಡುಗಳು, ಇದು ನಂಗೆ ನಿಜಕ್ಕೂ ಬೇಜಾರಾಗೋ ವಿಷಯ. ಎನ್‌ಸಿಎಎ ಹೆಣ್ಮಕ್ಕಳ ಆಟನ ಕೈಗೆ ತಗೊಂಡಿದ್ದೇ 1981-82ರಲ್ಲಿ. ಅದಕ್ಕೂ ಮುಂಚೆ ಎಐಎಡಬ್ಲ್ಯೂ ಅಂತ ಬೇರೆ ಸಂಸ್ಥೆ ನಡೆಸ್ತಿತ್ತು, ಅಲ್ಲಿ ಹೊಡೆದ ಪಾಯಿಂಟ್‌ಗಳು ಎನ್‌ಸಿಎಎ ರೆಕಾರ್ಡಲ್ಲಿ ಇಲ್ಲ. ಕ್ಯಾನ್ಸಸ್ ಯೂನಿವರ್ಸಿಟಿಯ ಲಿನೆಟ್ ವುಡರ್ಡ್ 1981ಕ್ಕೆ ಮುಗಿಸಿದಾಗ 3,649 ಪಾಯಿಂಟ್, ಅದೂ ಗಂಡಸರ ಸೈಜಿನ ದೊಡ್ಡ ಬಾಲಲ್ಲಿ, ಥ್ರೀ ಪಾಯಿಂಟ್ ಲೈನ್ ಇಲ್ದೆ. ಸೌತ್ ಕ್ಯಾರೊಲೈನಾದ ಚಿಕ್ಕ ಕಾಲೇಜು ಫ್ರಾನ್ಸಿಸ್ ಮೇರಿಯನ್‌ನ ಗಾರ್ಡ್ ಪರ್ಲ್ ಮೂರ್ 1979ಕ್ಕೆ ಮುಗಿಸಿದಾಗ, ಜೂನಿಯರ್ ಕಾಲೇಜಿನ 177 ಸೇರಿಸಿ, 4,061. ಅಂದ್ರೆ ಹೆಣ್ಮಕ್ಕಳ ಕಾಲೇಜ್ ಆಟದ ಅತಿ ದೊಡ್ಡ ನಂಬರ್ ಇವತ್ತಿಗೂ 3,951 ಅಲ್ಲ. 2024ರ ಫೆಬ್ರವರಿ 15ಕ್ಕೆ ಕ್ಲಾರ್ಕ್ ಕೆಲ್ಸಿ ಪ್ಲಮ್‌ನ 3,527 ದಾಟಿದಾಗ ಎಲ್ಲ ಕಡೆ ದೊಡ್ಡ ಸುದ್ದಿ ಆಯ್ತು, ಅದು ಎನ್‌ಸಿಎಎ ಹೆಣ್ಮಕ್ಕಳ ಅಧಿಕೃತ ರೆಕಾರ್ಡ್. ಎರಡು ವಾರ ಆದ್ಮೇಲೆ ವುಡರ್ಡ್ ರೆಕಾರ್ಡ್ ದಾಟಿದ್ದು ಅದಕ್ಕೆ ಹೋಲಿಸಿದ್ರೆ ಸಣ್ಣ ಸುದ್ದಿ. ಇಷ್ಟು ವರ್ಷ ಜನ ಮರೆತಿದ್ದ ವುಡರ್ಡ್ ಹೆಸರು ಕ್ಲಾರ್ಕ್‌ನಿಂದಾಗಿ ಮತ್ತೆ ಹೊರಗೆ ಬಂತು ಅನ್ನೋದೊಂದು ಸಮಾಧಾನ.

ಇನ್ನೊಂದು ರೂಲ್ ಇದೆ, ಬಹಳ ಜನ ಗಮನಿಸಲ್ಲ. ಎನ್‌ಬಿಎಗೆ ಹೋಗೋಕೆ ಹುಡುಗನಿಗೆ 19 ವರ್ಷ ಆಗಿ, ಹೈಸ್ಕೂಲ್ ಮುಗಿದು ಒಂದು ವರ್ಷ ಆಗಿದ್ರೆ ಸಾಕು. ಹಾಗಾಗಿ ತುಂಬಾ ಚೆನ್ನಾಗಿ ಆಡೋ ಗಾರ್ಡ್‌ಗಳು ಒಂದೇ ವರ್ಷಕ್ಕೆ ಕಾಲೇಜ್ ಬಿಡ್ತಾರೆ, ಕೈರಿ ಅರ್ವಿಂಗ್ ಡ್ಯೂಕ್‌ಗೆ ಆಡಿದ್ದು 11 ಮ್ಯಾಚು, 2011ರ ಡ್ರಾಫ್ಟಲ್ಲಿ ಮೊದಲ ಹೆಸರೇ ಅವನದು. ಡಬ್ಲ್ಯೂಎನ್‌ಬಿಎಗೆ ಅಮೆರಿಕದ ಹುಡುಗಿ ಹೋಗ್ಬೇಕು ಅಂದ್ರೆ ಡ್ರಾಫ್ಟಿನ ವರ್ಷಕ್ಕೆ 22 ತುಂಬಬೇಕು, ಇಲ್ಲಾಂದ್ರೆ ಡಿಗ್ರಿ ಮುಗಿದಿರ್ಬೇಕು. ಹಾಗಾಗಿ ಹೆಚ್ಚಿನೋರು ನಾಲ್ಕು ವರ್ಷ ಕಾಲೇಜಲ್ಲೇ ಇರ್ತಾರೆ, ಒಂದೇ ಊರು, ಒಂದೇ ಜೆರ್ಸಿ, ಜನ ಅವಳನ್ನ ಮೊದಲ ವರ್ಷದಿಂದ ಕೊನೆ ವರ್ಷದವರೆಗೂ ನೋಡ್ತಾ ಹೋಗ್ತಾರೆ. ಗಂಡಸರ ಕಡೆ ಈಗ ದೊಡ್ಡ ರೆಕಾರ್ಡ್ ಹತ್ರ ಬರೋದು ಎನ್‌ಬಿಎ ಕರೆಯದೇ ಇದ್ದೋರು. ಡಿಟ್ರಾಯ್ಟ್ ಮರ್ಸಿಯ ಗಾರ್ಡ್ ಆಂಟ್ವಾನ್ ಡೇವಿಸ್, ಅಪ್ಪನೇ ಕೋಚ್, ಕೋವಿಡ್ ವರ್ಷ ಸೇರಿ ಐದು ವರ್ಷ ಆಡಿದ, 2023ರಲ್ಲಿ 3,664ಕ್ಕೆ ನಿಂತ. ಮರಾವಿಚ್‌ಗೆ ಮೂರೇ ಪಾಯಿಂಟ್ ಕಮ್ಮಿ, ಇನ್ನೊಂದು ಮ್ಯಾಚ್ ಸಿಕ್ಕಿದ್ರೆ ಕಥೆನೇ ಬೇರೆ ಆಗ್ತಿತ್ತು.

ಕಾಲೇಜಿಗೆ ಸೇರೋದು ಅಂದ್ರೆ ಡಿವಿಷನ್ 1ರಲ್ಲಿ ಸಾಮಾನ್ಯವಾಗಿ ಫುಲ್ ಸ್ಕಾಲರ್‌ಶಿಪ್, ಫೀಸು, ಊಟ, ವಸತಿ, ಪುಸ್ತಕ ಎಲ್ಲ ಯೂನಿವರ್ಸಿಟಿದೇ. ನಮ್ಮ ಬೆಂಗಳೂರಿನ ಸಂಜನಾ ರಮೇಶ್ ಫಾರ್ವರ್ಡ್ ಆಗಿ ಅರಿಜೋನಾದ ನಾರ್ದರ್ನ್ ಅರಿಜೋನಾ ಯೂನಿವರ್ಸಿಟಿಗೆ ಆಡಿದ್ದು ಇದೇ ಡಿವಿಷನ್ 1ರಲ್ಲಿ. ನಮ್ಮಲ್ಲಿ ಸ್ಪೋರ್ಟ್ಸ್ ಕೋಟಾ ಅಂದ್ರೆ ಸೀಟ್ ಸಿಗೋದಷ್ಟೇ ಅನ್ನೋ ಅಭ್ಯಾಸ ಇರೋರಿಗೆ ಅಲ್ಲಿನ ಕೋಚು, ಫಿಸಿಯೋ, ವಿಮಾನ, ಇದೆಲ್ಲ ನೋಡಿದ್ರೆ ಪೂರ್ತಿ ಪ್ರೊಫೆಷನಲ್ ಟೀಮ್ ಅನ್ಸತ್ತೆ. ಆದ್ರೂ 2021ರವರೆಗೆ ಆ ಆಟಗಾರರು ತಮ್ಮ ಹೆಸರಿಂದ ಒಂದು ರೂಪಾಯಿ ದುಡಿಯೋ ಹಾಗಿರ್ಲಿಲ್ಲ. ಯೂನಿವರ್ಸಿಟಿ, ಟಿವಿ, ಕೋಚ್ ಎಲ್ರೂ ದುಡಿಯೋರು, ಆಡೋರಿಗೆ ಮಾತ್ರ ಇಲ್ಲ, ಎಂಥ ಅನ್ಯಾಯ. 2021ರ ಜುಲೈ 1ರಿಂದ ಎನ್‌ಐಎಲ್ ಬಂತು, ಅಂದ್ರೆ ತಮ್ಮ ಹೆಸರು, ಮುಖ, ಗುರುತು ಬಳಸಿ ಜಾಹೀರಾತು ಮಾಡಿ ದುಡ್ಡು ತಗೋಬಹುದು. ಕ್ಲಾರ್ಕ್ ಕಾಲೇಜಲ್ಲಿದ್ದಾಗಲೇ ನೈಕಿ, ಗೇಟೊರೇಡ್, ಸ್ಟೇಟ್ ಫಾರ್ಮ್ ಜೊತೆ ಒಪ್ಪಂದ ಮಾಡ್ಕೊಂಡ್ಲು. ಅದೇ ಡಬ್ಲ್ಯೂಎನ್‌ಬಿಎಗೆ ಮೊದಲ ಪಿಕ್ ಆಗಿ ಹೋದಾಗ ಮೊದಲ ವರ್ಷದ ಸಂಬಳ 76,535 ಡಾಲರ್, ಜಾಹೀರಾತಿನ ಮುಂದೆ ಅದು ಏನೂ ಅಲ್ಲ. 2025ರ ಜುಲೈನಿಂದ ಕೋರ್ಟ್ ಒಪ್ಪಿದ ಒಪ್ಪಂದದ ಪ್ರಕಾರ ಯೂನಿವರ್ಸಿಟಿಗಳು ನೇರವಾಗಿಯೇ ಆಟಗಾರರಿಗೆ ದುಡ್ಡು ಕೊಡಬಹುದು, ಮೊದಲ ವರ್ಷಕ್ಕೆ ಒಂದು ಯೂನಿವರ್ಸಿಟಿಗೆ ಹೆಚ್ಚೂಕಮ್ಮಿ 2.05 ಕೋಟಿ ಡಾಲರ್ ಮಿತಿ.

ಇದರ ಜೊತೆಗೇ ಟ್ರಾನ್ಸ್‌ಫರ್ ಪೋರ್ಟಲ್. ಮುಂಚೆ ಕಾಲೇಜ್ ಬದಲಾಯಿಸಿದ್ರೆ ಸಾಮಾನ್ಯವಾಗಿ ಒಂದು ವರ್ಷ ಆಡದೇ ಕೂರ್ಬೇಕಿತ್ತು, 2021ರಿಂದ ಮೊದಲ ಸಲ ಬದಲಾಯಿಸೋರು ಸೀದಾ ಹೋಗಿ ಆಡಬಹುದು ಅಂತಾಯ್ತು. ಇದು ಕ್ಲಾರ್ಕ್‌ಗೇ ಹೊಡೆತ ಕೊಟ್ಟಿದೆ. ಲಾರೆನ್ ಜೆನ್ಸನ್ ಅಂತ ಅಯೋವಾದ ಗಾರ್ಡ್ ಒಬ್ಬಳು ಜಾಸ್ತಿ ಆಡೋ ಅವಕಾಶ ಸಿಗದೆ ಕ್ರೈಟನ್ ಯೂನಿವರ್ಸಿಟಿಗೆ ಹೋದ್ಲು. 2022ರ ಟೂರ್ನಮೆಂಟಿನ ಎರಡನೇ ರೌಂಡಲ್ಲಿ ಅದೇ ಕ್ರೈಟನ್ ಅಯೋವಾಗೆ ಬಂತು, ಕೊನೆ ಸೆಕೆಂಡುಗಳಲ್ಲಿ ಜೆನ್ಸನ್ ಥ್ರೀ ಪಾಯಿಂಟರ್ ಹಾಕಿ ತನ್ನ ಹಳೇ ಟೀಮನ್ನ ಅವರ ಅಂಕಣದಲ್ಲೇ ಮನೆಗೆ ಕಳಿಸಿದ್ಲು, 64-62. ಕ್ಲಾರ್ಕ್ ಪಾಯಿಂಟು, ಅಸಿಸ್ಟು ಎರಡರಲ್ಲೂ ದೇಶಕ್ಕೆ ಮೊದಲಾದ ಅದೇ ವರ್ಷ.

ಮುಂದಿನ ಎರಡು ವರ್ಷದ ಕಥೆ ಬಹಳ ಜನಕ್ಕೆ ಗೊತ್ತು. 2023ರಲ್ಲಿ ಲೂಯಿವಿಲ್ ವಿರುದ್ಧ 41 ಪಾಯಿಂಟು, 12 ಅಸಿಸ್ಟು, 10 ರೀಬೌಂಡು (ಮಿಸ್ ಆಗಿ ಎಗರಿದ ಬಾಲ್ ಹಿಡಿಯೋದು), ಮೂರೂ ಲೆಕ್ಕ ಹತ್ತು ಮುಟ್ಟಿದ್ರೆ ಟ್ರಿಪಲ್ ಡಬಲ್ ಅಂತಾರೆ, ಎನ್‌ಸಿಎಎ ಟೂರ್ನಮೆಂಟಲ್ಲಿ ಮೊದಲ 40 ಪಾಯಿಂಟಿನ ಟ್ರಿಪಲ್ ಡಬಲ್ ಇದು. ಆಮೇಲೆ ಒಂದೂ ಸೋಲದೇ ಬಂದಿದ್ದ ಸೌತ್ ಕ್ಯಾರೊಲೈನಾನ ಸೆಮಿಫೈನಲ್ಲಲ್ಲಿ ಸೋಲಿಸಿ, ಫೈನಲ್ಲಲ್ಲಿ ಎಲ್‌ಎಸ್‌ಯು ಎದುರು 102-85 ಸೋಲು. 2024ರಲ್ಲಿ ಅದೇ ಎಲ್‌ಎಸ್‌ಯು ವಿರುದ್ಧ ಒಂಬತ್ತು ಥ್ರೀ ಪಾಯಿಂಟರ್, ಮತ್ತೆ ಫೈನಲ್ಲು.

ಆ 2024ರ ಫೈನಲ್ ಒಂದ್ಸಲ ಪೂರ್ತಿ ನೋಡಿ, ಒಬ್ಬ ಗಾರ್ಡ್ ಏನು ಮಾಡಬಹುದು ಏನು ಮಾಡೋಕಾಗಲ್ಲ ಎರಡೂ ಅದ್ರಲ್ಲಿ ಕಾಣ್ಸತ್ತೆ. ಮೊದಲ ಕ್ವಾರ್ಟರ್‌ನಲ್ಲೇ ಕ್ಲಾರ್ಕ್ 18 ಪಾಯಿಂಟ್ ಹೊಡೆದ್ಲು, ಅಯೋವಾ ಮುಂದಿತ್ತು. ಆದ್ರೆ ಸೌತ್ ಕ್ಯಾರೊಲೈನಾ ಕೋಚ್ ಡಾನ್ ಸ್ಟೇಲಿ, ಅವರೂ ಒಂದು ಕಾಲದ ದೊಡ್ಡ ಪಾಯಿಂಟ್ ಗಾರ್ಡೇ, ಒಬ್ಬಳಾದ್ಮೇಲೆ ಒಬ್ಬಳು ಹೊಸ ಡಿಫೆಂಡರ್ ಕಳಿಸ್ತಾನೇ ಇದ್ರು. ಇವಳಿಗೆ ರೆಸ್ಟೇ ಇಲ್ಲ, ಅವ್ರ ಕಾಲು ಪ್ರತಿ ಸಲನೂ ಫ್ರೆಶ್. ಬೆಂಚಿಂದ ಬಂದೋರ ಪಾಯಿಂಟ್ ನೋಡಿದ್ರೆ ಸೌತ್ ಕ್ಯಾರೊಲೈನಾ 37, ಅಯೋವಾ ಸೊನ್ನೆ. ರೀಬೌಂಡು 51-29. ಕ್ಲಾರ್ಕ್ 30 ಪಾಯಿಂಟ್ ಹೊಡೆದ್ರೂ 87-75 ಸೋಲು. ಗಾರ್ಡ್ ಜಾಗ ಮಾಡ್ಕೊಡ್ತಾಳೆ, ಶಾಟ್ ಹಾಕ್ತಾಳೆ, ಪಾಸ್ ಕೊಡ್ತಾಳೆ, ಆದ್ರೆ ಮಿಸ್ ಆಗಿ ಎಗರಿದ ಬಾಲ್‌ನ ಆರೂವರೆ ಅಡಿಯೋಳ ಕೈಯಿಂದ ಕಿತ್ಕೊಳ್ಳೋಕೆ ಆಗಲ್ಲ. ಆ ಫೈನಲ್‌ನ ಟಿವಿಲಿ ಸರಾಸರಿ 1.89 ಕೋಟಿ ಜನ ನೋಡಿದ್ರು, ಮಾರನೇ ದಿನದ ಗಂಡಸರ ಫೈನಲ್‌ಗೆ 1.48 ಕೋಟಿ. ಹೆಂಗಸರ ಫೈನಲ್ ಗಂಡಸರದ್ದನ್ನ ಮೀರಿಸಿದ್ದು ಅದೇ ಮೊದಲು.

ಇಂಡಿಯಾನಾ ಫೀವರ್‌ಗೆ ಹೋದ ಮೊದಲ ವರ್ಷವೇ 337 ಅಸಿಸ್ಟ್ ಕೊಟ್ಟು ಡಬ್ಲ್ಯೂಎನ್‌ಬಿಎ ಸೀಸನ್ ರೆಕಾರ್ಡ್ ಮಾಡಿದ್ಲು, ರೂಕಿ ಆಫ್ ದ ಇಯರ್, ಅಂದ್ರೆ ವರ್ಷದ ಅತ್ಯುತ್ತಮ ಹೊಸ ಆಟಗಾರ್ತಿ, ಅದೂ ಅವಳೇ. ಪಾಯಿಂಟ್‌ಗಿಂತ ಪಾಸೇ ಅವಳ ಅಸಲಿ ಆಟ ಅಂತ ನಾನು ಹೇಳೋದು ಇದನ್ನೂ ನೋಡೇ. 2025ರ ಫೆಬ್ರವರಿ 2ಕ್ಕೆ ಅಯೋವಾ ಅವಳ 22 ನಂಬರನ್ನ ಶಾಶ್ವತವಾಗಿ ಮೇಲೆ ಕಟ್ಟಿತು, ಅಂದ್ರೆ ಅಲ್ಲಿ ಆ ನಂಬರ್ ಇನ್ಯಾರಿಗೂ ಇಲ್ಲ.

3,951 ದಾಟೋಕೆ ಯಾರಿಗಾಗತ್ತೆ? ಲೆಕ್ಕ ಸುಲಭ, ನಾಲ್ಕು ವರ್ಷ ವರ್ಷಕ್ಕೆ 988ರ ಹತ್ರ. ಸದರ್ನ್ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ, ಯುಎಸ್‌ಸಿಯ ಗಾರ್ಡ್ ಜೂಜು ವಾಟ್ಕಿನ್ಸ್ 2023-24ರಲ್ಲಿ ಮೊದಲ ವರ್ಷವೇ 920 ಹೊಡೆದ್ಲು, ಹೆಣ್ಮಕ್ಕಳಲ್ಲಿ ಯಾವ ಫ್ರೆಶ್‌ಮನ್ನೂ ಅಷ್ಟು ಹೊಡೆದಿರ್ಲಿಲ್ಲ. ಎರಡು ವರ್ಷಕ್ಕೆ 1,700ರ ಆಸುಪಾಸು ಬಂದಿದ್ಲು, ಆಗ 2025ರ ಮಾರ್ಚ್‌ನಲ್ಲಿ ಮಂಡಿಯ ಎಸಿಎಲ್ ಅನ್ನೋ ಲಿಗಮೆಂಟ್ ಹರಿದು ಹೋಯ್ತು, 2025-26ರ ಸೀಸನ್ ಪೂರ್ತಿ ಹೊರಗೆ. ರೂಲ್ ಪ್ರಕಾರ ಅವಳಿಗೆ ಇನ್ನೂ ಎರಡು ಸೀಸನ್ ಇದೆ, ಎರಡರಲ್ಲೂ 1,100ರ ಮೇಲೆ ಹೊಡೀಬೇಕು, ಕ್ಲಾರ್ಕ್ ಅಷ್ಟು ಹೊಡೆದಿದ್ದು ಕೊನೆ ಸೀಸನ್‌ನಲ್ಲಿ, 1,234. ಆದ್ರೆ 2027ಕ್ಕೆ ವಾಟ್ಕಿನ್ಸ್‌ಗೆ 22 ತುಂಬತ್ತೆ, ಒಂದು ಸೀಸನ್ ಆಡಿ ಡ್ರಾಫ್ಟಿಗೆ ಹೊರಟ್ರೆ ರೆಕಾರ್ಡಿನ ಮಾತೇ ಬರಲ್ಲ.